ಮೂರು ರೀಕಾಲ್ ಬಾಕಿ ಇರುವ 2008ರ ಎಸ್‌ಯುವಿಯನ್ನು ಕೊಳ್ಳಬಹುದೇ?

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನೋಡಿಟ್ಟಿರುವ 2008ರ ಎಸ್‌ಯುವಿಗೆ ಮೂರು ರೀಕಾಲ್ (ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿಯನ್ನು ವಾಪಸು ಕರೆದು ಸರಿಮಾಡಿಕೊಡುವುದು) ಬಾಕಿ ಇವೆ, ಅದನ್ನೇ ನೆಪ ಮಾಡಿ ಬೆಲೆ ಇಳಿಸಿಕೊಳ್ಳಲೇ ಅಥವಾ ಒಂದೂ ರೀಕಾಲ್ ಆಗದ ಗಾಡಿ ಹುಡುಕಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಹ್ಯೂಸ್ಟನ್‌ನಲ್ಲಿ ಇದೇ ಲೆಕ್ಕ ಹಾಕಿ, ಚೌಕಾಸಿಯಲ್ಲಿ ಗೆದ್ದು ಬಂದವನು ನಾನು.

2016ರ ಬೇಸಿಗೆಯಲ್ಲಿ ನಾನು ಕೊಂಡದ್ದೂ ಹಳೆಯ ಎಸ್‌ಯುವಿಯೇ. ಕಾರಣ ಅಮ್ಮನ ಮಂಡಿ. ಊರಿನಿಂದ ಬಂದಾಗಲೆಲ್ಲ ನನ್ನ ತಗ್ಗಿನ ಕಾರಿನಿಂದ ಏಳಲು ಅವರಿಗೆ ಇಬ್ಬರು ಕೈ ಕೊಡಬೇಕಾಗುತ್ತಿತ್ತು. ಎತ್ತರದ ಸೀಟಿದ್ದರೆ ಜಾರಿ ಇಳಿದುಬಿಡಬಹುದು. ಸೆಕೆಂಡ್ ಹ್ಯಾಂಡ್ ಡೀಲರ್ ಒಬ್ಬನ ಬಳಿ ಬಿಸಿಲಲ್ಲಿ ನಿಂತಿದ್ದ ಗಾಡಿಯ ವಿನ್ ಅನ್ನು, ಅಂದರೆ ಪ್ರತಿ ಗಾಡಿಗೂ ಬೇರೆಯಾಗಿರುವ ಗುರುತು ಸಂಖ್ಯೆಯನ್ನು, ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಹಾಕಿ ನೋಡಿದೆ. ಚಾಲಕನ ಏರ್‌ಬ್ಯಾಗ್ ರೀಕಾಲ್ ಬಾಕಿ ಎಂದು ಬಂತು. ಮೊಬೈಲ್ ಅವನ ಮುಖಕ್ಕೆ ಹಿಡಿದೆ. ಅವನು ಗೊಣಗುತ್ತಾ ಬೆಲೆ ಇಳಿಸಿದ. ಮುಂದಿನ ವಾರ ಅದೇ ಕಂಪನಿಯ ಶೋರೂಮ್‌ಗೆ ಒಯ್ದರೆ ಒಂದು ಪೈಸೆ ಕೇಳದೆ ಭಾಗ ಬದಲಾಯಿಸಿ ಕೊಟ್ಟರು. ಪುಕ್ಕಟೆ ಆಗುವ ಕೆಲಸಕ್ಕೆ ರಿಯಾಯಿತಿ ಪಡೆದ ಜಾಣ ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಂಡದ್ದೂ ಆಯಿತು.

ರಸೀದಿಯಲ್ಲಿ ‘ಏರ್‌ಬ್ಯಾಗ್ ರೀಕಾಲ್ ಪೂರ್ಣ’ ಎಂದಿತ್ತು. ಅದನ್ನು ಮಡಿಸಿ ಗ್ಲೋವ್ ಬಾಕ್ಸ್‌ನಲ್ಲಿಟ್ಟೆ. ನಾನು ಕೆಟ್ಟದ್ದು ಇಲ್ಲಿ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ಇದನ್ನು ಒಂದು ಸಾಲಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಗಾಡಿಯಲ್ಲಿ ಏರ್‌ಬ್ಯಾಗ್ ಒಂದೇ ಇರುವುದಿಲ್ಲ. ಸ್ಟೀರಿಂಗ್‌ನೊಳಗೆ ಒಂದು, ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡ್‌ನೊಳಗೆ ಇನ್ನೊಂದು. ಎರಡನ್ನೂ ಉಬ್ಬಿಸುವ ಇನ್‌ಫ್ಲೇಟರ್ ಬೇರೆ ಬೇರೆ, ಅವುಗಳ ರೀಕಾಲ್ ಬೇರೆ, ರೀಕಾಲ್ ಸಂಖ್ಯೆ ಬೇರೆ, ಹೊರಬೀಳುವ ವರ್ಷವೂ ಬೇರೆ. ಜಪಾನಿನ ಏರ್‌ಬ್ಯಾಗ್ ಕಂಪನಿ ಟಕಾಟಾ ತಯಾರಿಸಿದ ಇನ್‌ಫ್ಲೇಟರ್‌ಗಳ ರೀಕಾಲ್ ಅಂತೂ ಒಂದೇ ಏಟಿಗೆ ಬಂದದ್ದಲ್ಲ. ಅಮೆರಿಕದಲ್ಲಿ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ಬದಲಾಯಿಸಬೇಕಿತ್ತು, ಅಷ್ಟು ಭಾಗಗಳು ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಸೆಕೆ ಮತ್ತು ತೇವ ಹೆಚ್ಚಿರುವ ರಾಜ್ಯಗಳು ಮೊದಲು, ಹಳೆಯ ಮಾದರಿಗಳು ಮೊದಲು ಎಂದು ಹಂತ ಹಂತವಾಗಿ ಪಟ್ಟಿ ಬೆಳೆಸುತ್ತಾ ಹೋದರು. ನಾನು ವಿನ್ ಹಾಕಿ ನೋಡಿದ ದಿನ ನನ್ನ ಗಾಡಿಯ ಎಡಭಾಗ ಮಾತ್ರ ಪಟ್ಟಿಯಲ್ಲಿತ್ತು. ಬಲಭಾಗ ಆಮೇಲೆ ಸೇರಿತು. ನಾನು ಮತ್ತೆ ನೋಡಲೇ ಇಲ್ಲ. ‘ಏರ್‌ಬ್ಯಾಗ್ ಪೂರ್ಣ’ ಎಂಬ ಕಾಗದ ಕೈಯಲ್ಲಿದ್ದವನು ಯಾಕೆ ನೋಡಿಯಾನು?

ಕಂಪನಿ ಕಾಗದ ಹಾಕಲಿಲ್ಲವೇ ಎಂದು ಕೇಳಬಹುದು. ಹಾಕಿರುತ್ತದೆ. ಆ ಕಾಗದ ಹೋಗುವುದು ನೋಂದಣಿಯಲ್ಲಿರುವ ವಿಳಾಸಕ್ಕೆ. ನಾವು ಬಾಡಿಗೆ ಏರಿದಾಗಲೆಲ್ಲ ಮನೆ ಬದಲಿಸುವ ಜನ. ಬ್ಯಾಂಕಿಗೆ ತಿಳಿಸಿದೆ, ಕಚೇರಿಗೆ ತಿಳಿಸಿದೆ, ಗಾಡಿಯ ನೋಂದಣಿಯಲ್ಲಿ ಹಳೆಯ ಅಪಾರ್ಟ್‌ಮೆಂಟ್ ಹಾಗೆಯೇ ಉಳಿಯಿತು. ಅಲ್ಲಿಗೆ ಬಂದ ಲಕೋಟೆಯನ್ನು ಹೊಸ ಬಾಡಿಗೆದಾರ ಜಾಹೀರಾತು ಎಂದುಕೊಂಡು ಕಸಕ್ಕೆ ಹಾಕಿದ್ದರೆ ಅವನನ್ನು ಬೈಯುವಂತಿಲ್ಲ.

2018ರಲ್ಲಿ ಅಮ್ಮ ಬಂದರು. ಬೇಸಿಗೆಯಿಡೀ ಆ ಬಲಗಡೆಯ ಸೀಟಿನಲ್ಲೇ ಕೂತರು. “ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಹಾಗಿದೆ, ಎಲ್ಲ ಕಾಣುತ್ತದೆ” ಎಂದು ದೇವಸ್ಥಾನಕ್ಕೆ, ಗ್ಯಾಲ್ವೆಸ್ಟನ್ ಕಡಲಿಗೆ, ತರಕಾರಿ ಅಂಗಡಿಗೆ, ಎಲ್ಲಿಗೆ ಹೊರಟರೂ ಹಿಂದಿನ ಸೀಟು ಒಲ್ಲೆ ಎನ್ನುತ್ತಿದ್ದರು. ಅವರ ಮೊಣಕಾಲಿನ ಎದುರು ಗ್ಲೋವ್ ಬಾಕ್ಸ್, ಅದರೊಳಗೆ ನನ್ನ ರಸೀದಿ, ಅದರ ಮೇಲೆಯೇ ಯಾರೂ ಮುಟ್ಟದ ಇನ್‌ಫ್ಲೇಟರ್.

ಗೊತ್ತಾದದ್ದು ಮರುವರ್ಷ ಗಾಡಿ ಮಾರಲು ಹೊರಟಾಗ. ಕೊಳ್ಳಲು ಬಂದಾತ ವಯಸ್ಸಾದ ಮೆಕ್ಯಾನಿಕ್. ಎಂಜಿನ್ ನೋಡಲಿಲ್ಲ, ಟೈರ್ ಒದೆಯಲಿಲ್ಲ. ಚಾಲಕನ ಕಡೆ ಗಾಜಿನ ಕೆಳಮೂಲೆಗೆ ಬಗ್ಗಿ, ಹಣೆಗೆ ಕೈ ಅಡ್ಡ ಹಿಡಿದು, 17 ಅಕ್ಷರಗಳನ್ನು ಒಂದೊಂದಾಗಿ ಮೊಬೈಲ್‌ಗೆ ಒತ್ತಿದ. ನಾನು ಗ್ಲೋವ್ ಬಾಕ್ಸ್‌ನಿಂದ ರಸೀದಿ ತೆಗೆದು ಕೊಡುವಷ್ಟರಲ್ಲಿ ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಪ್ರಯಾಣಿಕರ ಕಡೆಯ ಏರ್‌ಬ್ಯಾಗ್, ಬಾಕಿ. ನಾನು ಡೀಲರ್‌ಗೆ ಹಿಡಿದಂತೆ ಅವನು ನನ್ನ ಮುಖಕ್ಕೆ ಹಿಡಿಯಲಿಲ್ಲ. “ಪಕ್ಕದಲ್ಲಿ ಯಾರು ಕೂರುತ್ತಾರೆ?” ಎಂದಷ್ಟೇ ಕೇಳಿ ಹೊರಟುಹೋದ. ಹೊಸ ಗಾಡಿ ಆಗಲೇ ಕೊಂಡಾಗಿತ್ತು. ಶೋರೂಮ್‌ನಲ್ಲಿ ಸರದಿ ಬಂದು ಕೆಲಸ ಮುಗಿಯುವವರೆಗೆ ಎರಡು ಗಾಡಿಗಳ ವಿಮೆ ಕಟ್ಟಿದೆ. 2016ರಲ್ಲಿ ಗೆದ್ದ ರಿಯಾಯಿತಿ ಅದರಲ್ಲೇ ಕರಗಿಹೋಯಿತು. ಅಮ್ಮನಿಗೆ ಈ ವಿಷಯ ಇಂದಿಗೂ ಹೇಳಿಲ್ಲ.

ಇಷ್ಟಕ್ಕೂ ಆ ಟಕಾಟಾ ಇನ್‌ಫ್ಲೇಟರ್‌ನೊಳಗೆ ಏನಿರುತ್ತದೆ ಎಂದರೆ, ಅಮೋನಿಯಂ ನೈಟ್ರೇಟ್. ಲೋಹದ ಡಬ್ಬಿಯೊಳಗೆ ಬಿಲ್ಲೆಗಳಾಗಿ ಒತ್ತಿಟ್ಟಿರುತ್ತಾರೆ. ಅಪಘಾತವಾದಾಗ ಅದು ಉರಿದು, ಹೊರಟ ಅನಿಲ ಚೀಲವನ್ನು ಉಬ್ಬಿಸಬೇಕು. ವರ್ಷಗಟ್ಟಲೆ ಹಗಲಿನ ಸೆಕೆ, ರಾತ್ರಿಯ ತಂಪು, ಗಾಳಿಯ ತೇವ ಇವುಗಳಿಗೆ ಸಿಕ್ಕಿ ಬಿಲ್ಲೆಯ ಗಟ್ಟಿತನ ಹೋಗುತ್ತದೆ. ಆಮೇಲೆ ಅದು ಉರಿಯಬೇಕಾದ ವೇಗಕ್ಕಿಂತ ಬೇಗ ಉರಿಯುತ್ತದೆ, ಡಬ್ಬಿ ಸಿಡಿಯುತ್ತದೆ, ಚೀಲದ ಜೊತೆ ಲೋಹದ ಚೂರುಗಳೂ ಮುಖಕ್ಕೆ, ಕೊರಳಿಗೆ ಬರುತ್ತವೆ. ಹಳೆಯದಾದಷ್ಟೂ ಅಪಾಯ ಹೆಚ್ಚು. 2016ರಲ್ಲಿ ನಮ್ಮ ಹ್ಯೂಸ್ಟನ್ ಪಕ್ಕದ ಫೋರ್ಟ್ ಬೆಂಡ್ ಕೌಂಟಿಯಲ್ಲಿ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಸತ್ತದ್ದು ಹೀಗೆಯೇ. ಮುಂದಿದ್ದ ವಾಹನಕ್ಕೆ ಅವಳ ಕಾರು ಗುದ್ದಿತ್ತು, ಕೊಂದದ್ದು ಇನ್‌ಫ್ಲೇಟರ್‌ನ ಚೂರು. ಟೆಕ್ಸಸ್ ಸೆಕೆಯೂ ತೇವವೂ ಹೆಚ್ಚಿರುವ ಮೊದಲ ಗುಂಪಿನ ರಾಜ್ಯ ಎಂಬುದನ್ನು ಮರೆಯಬೇಡಿ.

ಈಗ ನಿಮ್ಮ ಮೂರು ರೀಕಾಲ್‌ಗಳಿಗೆ ಬರೋಣ. ನೀವು ಬರೆದಿರುವ ಪ್ರಕಾರ ಒಂದು ಪ್ರಯಾಣಿಕರ ಏರ್‌ಬ್ಯಾಗ್, ಒಂದು ಕಿಟಕಿ ಏರಿಸುವ ಸ್ವಿಚ್ ಬಿಸಿಯಾಗುವುದು, ಇನ್ನೊಂದು ಎಷ್ಟು ಭಾರ ಹೇರಬಹುದು ಎಂಬ ಸ್ಟಿಕರ್‌ನಲ್ಲಿ ತಪ್ಪು ಅಂಕಿ. ಮೂರನೆಯದು ಬರಿಯ ಸ್ಟಿಕರ್! ಅದನ್ನೂ ಏರ್‌ಬ್ಯಾಗನ್ನೂ ಕೂಡಿಸಿ ‘ಮೂರು’ ಎಂದು ಎಣಿಸಿ ಗಾಡಿಯ ಗುಣ ಅಳೆಯುವುದಕ್ಕೆ ಅರ್ಥವೇ ಇಲ್ಲ. ಹೆಚ್ಚು ಮಾರಾಟವಾದ, ಹೆಚ್ಚು ವರ್ಷ ಓಡಿದ ಗಾಡಿಗೆ ರೀಕಾಲ್‌ಗಳು ಬಂದೇ ಬರುತ್ತವೆ. ಒಂದೂ ರೀಕಾಲ್ ಆಗದ 2008ರ ಎಸ್‌ಯುವಿ ಸಿಕ್ಕರೆ ನನಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ. ಏಕೆಂದರೆ ಎನ್‌ಎಚ್‌ಟಿಎಸ್‌ಎ ತಾಣದ ವಿನ್ ಹುಡುಕಾಟ ಸಾಮಾನ್ಯವಾಗಿ 15 ವರ್ಷಕ್ಕಿಂತ ಹಿಂದಿನ ರೀಕಾಲ್‌ಗಳನ್ನು ತೋರಿಸುವುದೇ ಇಲ್ಲ. ಅಷ್ಟು ಹಳೆಯದನ್ನು ತಿಳಿಯಬೇಕಾದರೆ ಆಯಾ ಕಂಪನಿಯ ಶೋರೂಮ್‌ಗೆ ಫೋನ್ ಮಾಡಿ ವಿನ್ ಓದಿ ಹೇಳಿ ಕೇಳಬೇಕು.

‘ಇಷ್ಟು ಹಳೆಯ ಗಾಡಿಗೆ ಯಾರು ಪುಕ್ಕಟೆ ಮಾಡುತ್ತಾರೆ’ ಎಂದು ಮಾರುವವನು ನಿಮ್ಮನ್ನು ಹೆದರಿಸಿದ್ದಾನಲ್ಲ, ಅದು ಅರ್ಧ ಸತ್ಯ. ಕಾನೂನಿನ ಪ್ರಕಾರ ಉಚಿತ ದುರಸ್ತಿಯ ಹೊಣೆ ಗಾಡಿಯ ಮೊದಲ ಮಾರಾಟದಿಂದ 15 ವರ್ಷದೊಳಗೆ ಹೊರಬಿದ್ದ ರೀಕಾಲ್‌ಗಳಿಗೆ. 2015ರ ಮೊದಲು ಆ ಮಿತಿ ಹತ್ತೇ ವರ್ಷ ಇತ್ತು. ಆದರೆ ಟಕಾಟಾ ವಿಷಯದಲ್ಲಿ ವಯಸ್ಸು ಕೇಳುವುದಿಲ್ಲ, 2001ರ ಗಾಡಿಗೂ ಉಚಿತವಾಗಿ ಮಾಡಿಕೊಡುತ್ತಾರೆ. ಊರಿನಲ್ಲಿರುವ ನನ್ನ ತಮ್ಮ ಇದನ್ನು ಕೇಳಿ ನಕ್ಕ. ಭಾರತದಲ್ಲಿ ಕಡ್ಡಾಯ ರೀಕಾಲ್ ನಿಯಮ ಜಾರಿಗೆ ಬಂದದ್ದೇ 2021ರ ಏಪ್ರಿಲ್‌ನಲ್ಲಿ, ಅದೂ ಏಳು ವರ್ಷದೊಳಗಿನ ವಾಹನಗಳಿಗೆ. ಇಲ್ಲಿ ಸಿಗುವುದನ್ನು ಬಿಡುವುದು ಮೂರ್ಖತನ.

ಹಾಗಾಗಿ ಬೆಲೆ ಇಳಿಸು ಎನ್ನಬೇಡಿ. ‘ರೀಕಾಲ್ ಮುಗಿಸಿ ತಂದು ನಿಲ್ಲಿಸು, ಆಮೇಲೆ ಹಣ ಎಣಿಸುತ್ತೇನೆ’ ಎನ್ನಿ. ರೀಕಾಲ್ ಬಾಕಿ ಇರುವ ಹಳೆಯ ಗಾಡಿ ಮಾರುವುದಕ್ಕೆ ಇಲ್ಲಿ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ದೊಡ್ಡ ಬಾಡಿಗೆ ಕಾರು ಕಂಪನಿಗಳಿಗೆ 2016ರಿಂದ ಆ ನಿರ್ಬಂಧ ಇದೆ, ಡೀಲರ್‌ಗೆ ಇಲ್ಲ. ಅವನು ಒಪ್ಪದಿದ್ದರೆ ಬಿಟ್ಟು ಬನ್ನಿ. ಉಚಿತ ಕೆಲಸಕ್ಕೆ ಅರ್ಧ ದಿನ ಕೊಡದವನು ಬ್ರೇಕು ನೋಡಿರುತ್ತಾನೆಯೇ?

ಒಪ್ಪಿದರೆ ರಸೀದಿಯಲ್ಲಿ ‘ಏರ್‌ಬ್ಯಾಗ್’ ಎಂಬ ಪದ ನೋಡಿ ಸಮಾಧಾನಪಡಬೇಡಿ. ರೀಕಾಲ್ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ವರ್ಷ, ಆಮೇಲೆ ‘ವಿ’ ಅಕ್ಷರ, ಆಮೇಲೆ ಕ್ರಮಸಂಖ್ಯೆ. ತಾಣದಲ್ಲಿರುವ ಪ್ರತಿ ಸಂಖ್ಯೆಗೂ ರಸೀದಿಯಲ್ಲಿ ಜೋಡಿ ಸಿಗಬೇಕು. ಚಾಲಕನ ಕಡೆಯದು ಆಗಲೇ ಆಗಿದೆ ಎಂದಿದ್ದೀರಿ. ಅದನ್ನೂ ಕೇಳಿ. ಭಾಗಗಳ ಕೊರತೆಯಿದ್ದಾಗ ಕೆಲವು ಗಾಡಿಗಳಿಗೆ ಅದೇ ಬಗೆಯ ಹೊಸ ಇನ್‌ಫ್ಲೇಟರನ್ನು ತಾತ್ಕಾಲಿಕವಾಗಿ ಹಾಕಿ, ಮುಂದೆ ಮತ್ತೆ ಬದಲಾಯಿಸಬೇಕೆಂದು ಕಳಿಸಿದ್ದರು. ಗಾಡಿಗೆ ಹಿಂದೆ ದೊಡ್ಡ ಅಪಘಾತವಾಗಿ ಸಾಲ್ವೇಜ್ ಟೈಟಲ್ (ರಿಪೇರಿಗೆ ತಕ್ಕ ಬೆಲೆ ಉಳಿದಿಲ್ಲದ ಗಾಡಿ ಎಂಬ ದಾಖಲೆ) ಬಂದಿದ್ದರೆ ಮಾತೇ ಬೇಡ. ಗುಜರಿಯಿಂದ ತಂದ ಏರ್‌ಬ್ಯಾಗ್ ಕೂರಿಸಿದ್ದರೆ ವಿನ್ ಹುಡುಕಾಟಕ್ಕೆ ಅದು ಕಾಣುವುದಿಲ್ಲ, ಅದಕ್ಕೆ ಗೊತ್ತಿರುವುದು ಕಾರ್ಖಾನೆಯಲ್ಲಿ ಹಾಕಿದ ಭಾಗ ಮಾತ್ರ.

ನಿಮ್ಮ ಸ್ನೇಹಿತರ ಮೆಕ್ಯಾನಿಕ್ ಫ್ಯೂಸ್ ಕಿತ್ತು ಏರ್‌ಬ್ಯಾಗನ್ನೇ ನಿಲ್ಲಿಸಿಬಿಡಿ ಎಂದಿದ್ದಾರಂತೆ. ಅವರ ಬಳಿ ಎಣ್ಣೆ ಬದಲಾಯಿಸಿಕೊಳ್ಳಿ, ಸಲಹೆ ಪಡೆಯಬೇಡಿ.

ಅಪ್ಪ, ಅಮ್ಮ ಡಿಸೆಂಬರ್‌ನಲ್ಲಿ ಬರುತ್ತಾರೆ ಎಂದಿದ್ದೀರಿ. ಗಾಡಿ ಕೊಂಡ ದಿನವೇ ನೋಂದಣಿಯಲ್ಲಿ ನಿಮ್ಮ ಈಗಿನ ವಿಳಾಸ ಹಾಕಿಸಿ, ಅವರು ಬರುವ ಹಿಂದಿನ ವಾರ ವಿನ್ ಮತ್ತೊಮ್ಮೆ ನೋಡಿ. ಭಾಗ ಬರುವುದು ತಡವಾದರೆ ಶೋರೂಮ್‌ನವರ ಬಳಿ ಬದಲಿ ಕಾರು ಕೇಳಿ. ಹಲವು ಕಂಪನಿಗಳು ಕೊಡುತ್ತವೆ, ಆದರೆ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ.