ಸ್ವರ ಇದೆ, ತಾಳ ಇಲ್ಲ

ಮಾನ್ಯರೇ,

ಹಳೇ ಫ್ರಾನ್ಸಿನ ಹಾಡುಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನವನ್ನು ನೀವು ಓದಿದ್ದೀರಿ. ಅದರ ಚಿತ್ರದ ಕೆಳಗೆ, 12ನೇ ಶತಮಾನದ ಹಾಡನ್ನು ಈಗಿನ ಗಾಯಕಿ ‘ಅಂದು ಹಾಡಿದಂತೆಯೇ’ ಹಾಡುತ್ತಾರೆ ಎಂದಿತ್ತು. ರೆಕಾರ್ಡಿಂಗ್ ಇಲ್ಲದ ಕಾಲದ್ದು ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ ಎಂದು ಕೇಳಿದ್ದೀರಿ. ಈ ಕವಿಗಳೆಲ್ಲ ಊರೂರು ಅಲೆಯುತ್ತಿದ್ದವರಾ ಎಂದೂ ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರ: ಗೊತ್ತಿಲ್ಲ. ಆ ಸಾಲು ಲೇಖಕರದ್ದಲ್ಲ, ನಾವು ಸೇರಿಸಿದ್ದು.

ಆ ಹಾಡು ದಿಯಾ ಎಂಬಲ್ಲಿನ ಕೌಂಟೆಸ್‌ಳದು, ಅಂದರೆ ಶ್ರೀಮಂತ ಮನೆತನದ ಒಡತಿಯದು. ಕೈಬಿಟ್ಟ ಪ್ರಿಯಕರನ ಮೇಲೆ ಅವಳಿಗೆ ಸಿಟ್ಟು. ಹಾಡೋಕೆ ಇಷ್ಟವಿಲ್ಲದ್ದನ್ನೇ ಹಾಡಬೇಕಾಗಿದೆ ಎಂದೇ ಶುರು ಮಾಡುತ್ತಾಳೆ. ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯಲ್ಲಿ ಹೆಂಗಸರು ಕಟ್ಟಿದ ಹಾಡುಗಳಲ್ಲಿ, ಮಟ್ಟಿನ ಸಮೇತ ಉಳಿದಿರುವುದು ಇದೊಂದೇ. ಅದಿರುವುದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ. ಅದನ್ನು ಬರೆದದ್ದು 13ನೇ ಶತಮಾನದಲ್ಲಿ, ಅಂದರೆ ಅವಳ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ.

ಇಂಥ ಹಸ್ತಪ್ರತಿಗಳಲ್ಲಿ ಅಡ್ಡಗೆರೆಗಳ ಮೇಲೆ ಚೌಕ ಚೌಕವಾದ ಸ್ವರಗಳಿರುತ್ತವೆ. ಕೆಳಗೆ ಹಾಡಿನ ಮೊದಲ ನುಡಿ, ಅಂದರೆ ಮೊದಲ ಚರಣ, ಮಾತ್ರ. ಉಳಿದ ನುಡಿಗಳು ಗದ್ಯದ ಹಾಗೆ ಒತ್ತೊತ್ತಾಗಿ. ಕೆಲವು ಕಡೆ ಗೆರೆ ಎಳೆದಿದ್ದಾರೆ, ಸ್ವರ ತುಂಬಿಸಿಯೇ ಇಲ್ಲ! ಸ್ವರ ಇರುವ ಕಡೆ ಏರಿಳಿತ ಗೊತ್ತಾಗುತ್ತದೆ. ಯಾವ ಸ್ವರ ಎಷ್ಟು ಹೊತ್ತು, ತಾಳ ಯಾವುದು? ಸಾಮಾನ್ಯವಾಗಿ ಬರೆದಿರುವುದಿಲ್ಲ. ಜೊತೆಗೆ ಯಾವ ವಾದ್ಯ ಎಂದೂ ಇಲ್ಲ. ಎಲ್ಲವನ್ನೂ ಮೂರೆಣಿಕೆಯ ಲಯಕ್ಕೆ ಕೂರಿಸಬಹುದು ಎಂಬ ವಾದವೊಂದು 20ನೇ ಶತಮಾನದ ಆರಂಭದಲ್ಲಿ ಬಂತು. ಅದು ಮೊದಲು ಹೊಳೆದದ್ದು ಯಾರಿಗೆ ಎಂದು ಸಂಗೀತ ವಿದ್ವಾಂಸರಾದ ಪಿಯರ್ ಓಬ್ರಿ, ಜ್ಯಾಂ ಬೆಕ್ ಇಬ್ಬರೂ ಜಗಳವಾಡಿದರು. ಈಗ ಆ ವಾದವನ್ನು ಒಪ್ಪದವರೇ ಜಾಸ್ತಿ. ಮಾತಿನ ನಡಿಗೆಗೆ ತಕ್ಕಂತೆ ಬಿಡಿಸಿ ಹಾಡುವವರಿದ್ದಾರೆ. ನನಗೂ ಅದೇ ಇಷ್ಟ.

ದಕ್ಷಿಣದಲ್ಲಿ ಹೀಗೆ ಹಾಡು ಕಟ್ಟಿದ ಕವಿಗಳಿಗೆ ತ್ರೂಬದೂರ್‌ಗಳು ಎಂದು ಹೆಸರು. ಅವರ ಸುಮಾರು 2,500 ಕವಿತೆಗಳಲ್ಲಿ ಮಟ್ಟು ಸಿಕ್ಕಿರುವುದು ಹತ್ತರಲ್ಲಿ ಒಂದಕ್ಕೆ. ಉತ್ತರ ಫ್ರಾನ್ಸಿನ ಇಂಥ ಕವಿಗಳು ತ್ರುವೇರ್‌ಗಳು, ಹಳೇ ಫ್ರೆಂಚಿನಲ್ಲಿ ಬರೆದವರು. ಅವರ ಮಟ್ಟುಗಳು ಇದಕ್ಕಿಂತ ಎಷ್ಟೋ ಹೆಚ್ಚು ಉಳಿದಿವೆ.

ಅಲೆಮಾರಿಗಳಾ? ನಮಗೆ ಹಾಡು ಸಿಕ್ಕಿರುವ ಮೊದಲ ತ್ರೂಬದೂರ್, 1071ರಲ್ಲಿ ಹುಟ್ಟಿದ ಒಂಬತ್ತನೇ ಗಿಯೋಮ್, ಅಕ್ವಿಟೇನಿನ ಡ್ಯೂಕ್. ತ್ರುವೇರ್ ತಿಬೋ ನವಾರದ ರಾಜನೇ ಆದ. ಬಡವರೂ ಇದ್ದರು. ಊರೂರು ತಿರುಗಿ ಹಾಡಿ ಹೊಟ್ಟೆ ಹೊರೆಯುತ್ತಿದ್ದವರು ಜಾಂಗ್ಲರ್‌ಗಳು. ಬೇರೆಯವರು ಕಟ್ಟಿದ ಹಾಡನ್ನೂ ಅವರು ಹಾಡುತ್ತಿದ್ದರು.

ಕೌಂಟೆಸ್‌ಳ ಹಾಡನ್ನು ಇಬ್ಬರು ಮೂವರು ಗಾಯಕಿಯರ ದನಿಯಲ್ಲಿ ಕೇಳಿ ನೋಡಿ. ಎಲ್ಲ ಒಂದೇ ಪುಟ ನೋಡಿ ಹಾಡಿದ್ದು ಅಂದರೆ ನಂಬೋದು ಕಷ್ಟ, ಅಲ್ವಾ? ಆನ್‌ಲೈನ್ ಪ್ರತಿಯಲ್ಲಿ ‘ಅಂದು ಹಾಡಿದಂತೆಯೇ’ ತೆಗೆದಿದ್ದೇವೆ.

— ಸಂ.