ಹಳೇ ಪಿನ್-ಅಪ್ ಚಿತ್ರಗಳಲ್ಲಿ, ಅಂದ್ರೆ ಗೋಡೆಗೆ ಸಿಕ್ಕಿಸೋ ಚೆಲುವೆಯರ ಚಿತ್ರಗಳಲ್ಲಿ, ಅಷ್ಟೊಂದು ತುಂಟತನ ಕಾಣೋದು ಯಾಕೆ?

ಅವುಗಳಲ್ಲಿ ಇರೋದು ಬರೀ ಅಂದ ಅಲ್ಲ, ಜೊತೆಗೊಂದು ಪುಟ್ಟ ಫಜೀತಿ. ಗುಟ್ಟು ಅದೇ.

1940–50ರ ದಶಕಗಳಲ್ಲಿ ಅಮೆರಿಕದ ಚಿತ್ರಕಾರ ಗಿಲ್ ಎಲ್ವ್‌ಗ್ರೆನ್ ಕ್ಯಾಲೆಂಡರ್‌ಗಳಿಗೆ ಬರೆದ ಚಿತ್ರಗಳನ್ನೇ ನೋಡಿ. ನಾಯಿಯ ಹಗ್ಗ ಕಾಲಿಗೆ ಸುತ್ತಿಕೊಂಡಿರುತ್ತದೆ, ಇಲ್ಲವೇ ಲಂಗ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹುಬ್ಬು ಮೇಲೆ, ಬಾಯಿ ‘ಓ’ ಅಂತ ದುಂಡಗೆ. ಎಷ್ಟೋ ಚಿತ್ರಗಳಲ್ಲಿ ಕಣ್ಣು ನೇರ ನಮ್ಮ ಕಡೆಗೆ, ‘ನೋಡಿಬಿಟ್ರಾ?’ ಅನ್ನೋ ಹಾಗೆ. ಆ ಒಂದು ನೋಟದಿಂದ ಆಕೆ ಸುಮ್ನೆ ನಿಂತ ಗೊಂಬೆಯಾಗಿ ಉಳಿಯುವುದಿಲ್ಲ, ಆಟದಲ್ಲಿ ನಮ್ಮ ಜೊತೆಗಾರ್ತಿ ಆಗುತ್ತಾಳೆ.

ಇದು ತಾನಾಗಿ ಬಂದದ್ದಲ್ಲ. ಎಲ್ವ್‌ಗ್ರೆನ್ ಮೊದಲು ಮಾಡೆಲ್‌ನ ಫೋಟೋ ತೆಗೆಯುತ್ತಿದ್ದರು. ಆಮೇಲೆ ಎಣ್ಣೆಬಣ್ಣದಲ್ಲಿ ಕಾಲು ತುಸು ಉದ್ದ, ಸೊಂಟ ತುಸು ಸಣ್ಣ, ಮುಖದ ಬೆರಗು ಇನ್ನೂ ಜಾಸ್ತಿ. ಫೋಟೋ, ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆ ಕೈಚಳಕಕ್ಕೆ ನಾನಂತೂ ಸೋತಿದ್ದೇನೆ.