ಭುಜದ ಆಪರೇಷನ್ ಆದ ನಾಲ್ಕೇ ತಿಂಗಳಿಗೆ ಕಬಡ್ಡಿ ರೈಡಿಂಗ್ ಬೇಡ

ತಮ್ಮಾ, "ಭುಜಕ್ಕೆ ಕೀಹೋಲ್ (ಸಣ್ಣ ತೂತಿನ) ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತು, ನೋವೇ ಇಲ್ಲ, ಜಾತ್ರೆ ಕಬಡ್ಡಿಗೆ ಇಳಿಯಲಾ?" ಅಂತ ಕೇಳಿದ್ದೀಯ. ಬೇಡ. ಇದೇ ತಪ್ಪು ನಾನೂ ಮಾಡಿದ್ದೇನೆ.

ನನ್ನದೂ ಬ್ಯಾಂಕಾರ್ಟ್ ರಿಪೇರಿನೇ, ಅಂದರೆ ಭುಜ ಜಾರಿದಾಗ ಕೀಲಿನ ಬಟ್ಟಲಿನ ಅಂಚಲ್ಲಿ ಹರಿದದ್ದನ್ನ ಮತ್ತೆ ಮೂಳೆಗೆ ಹೊಲಿಯೋದು. ನಾಲ್ಕೂವರೆ ತಿಂಗಳಿಗೆ ಮ್ಯಾಟ್ ಹತ್ತಿದೆ. ಎರಡು ರೈಡ್ ಸಲೀಸಾಗಿ ಹೋಯ್ತು. ಮೂರನೆಯದರಲ್ಲಿ ಮಿಡ್‌ಲೈನ್ ಮುಟ್ಟೋಕೆ ಕೈ ಚಾಚಿ ಬಿದ್ದೆ. ಮೇಲೆ ಕಾರ್ನರ್‌ನವನು ಬಿದ್ದ. ಆ ಲೊಟಕ್ ಸದ್ದು ಹಳೇ ಪರಿಚಯ, ಭುಜ ಮತ್ತೆ ಜಾರಿತ್ತು. ಯಾರೋ ಅಲ್ಲೇ ಎಳೆದು ಕೂರಿಸ್ತೀನಿ ಅಂದರು, ಒಪ್ಪಿದೆ ನೋಡು, ಅದು ಎರಡನೇ ದಡ್ಡತನ. ಎಕ್ಸ್‌ರೇ ಇಲ್ಲದೆ ಯಾರಿಗೂ ಎಳೆಯಲು ಬಿಡಬೇಡ. ನರಕ್ಕೆ ಪೆಟ್ಟಾದರೆ ಕೈ ಎತ್ತೋಕೇ ಆಗಲ್ಲ.

ಸಿಟಿ ಸ್ಕ್ಯಾನ್ ಮಾಡಿಸಿದರೆ ಬಟ್ಟಲಿನ ಮುಂದಿನ ಅಂಚೇ ಸವೆದಿತ್ತು. ಸವೆತ ನಾಲ್ಕರಲ್ಲೊಂದು ಭಾಗದ ಹತ್ತಿರ ಹೋದರೆ ಬರೀ ಹೊಲಿಗೆ ನಿಲ್ಲಲ್ಲ. ಲಾಟರ್ಜೆ ಅನ್ನೋ ಇನ್ನೊಂದು ಆಪರೇಷನ್ ಆಯ್ತು. ಕೊರಕಾಯ್ಡ್ (ಭುಜದ ಮುಂದಿನ ಕೊಕ್ಕೆಯಂಥ ಮೂಳೆ) ತುಂಡು ಕತ್ತರಿಸಿ ಅಲ್ಲಿಗೆ ಸ್ಕ್ರೂ ಹಾಕಿದರು.

ಕೆಲವರು "ಕೀಹೋಲ್ ವೇಸ್ಟ್" ಅಂತಾರೆ. ಸುಮ್ನೆ ಹೆದರಿಸಬೇಡಿ. ಒಟ್ಟಾರೆ ನೂರರಲ್ಲಿ ಸುಮಾರು 85–90 ಜನಕ್ಕೆ ಮತ್ತೆ ಜಾರಲ್ಲ. ಜಾರೋದು ಜಾಸ್ತಿ 20ರ ಒಳಗಿನವರಿಗೆ, ಮೈಗೆ ಮೈ ತಾಗೋ ಆಟದವರಿಗೆ, ಕೀಲು ಸಡಿಲ ಇರೋರಿಗೆ, ಮೂಳೆ ಸವೆದವರಿಗೆ. ನಿನಗೆ 19, ಮೇಲಾಗಿ ರೈಡರ್. ಲೆಕ್ಕ ನೀನೇ ಹಾಕು. ನೋವು ಮೊದಲು ಹೋಗುತ್ತೆ, ಹೊಲಿದದ್ದು ಮೂಳೆಗೆ ಗಟ್ಟಿಯಾಗಿ ಕೂರೋದು ಆಮೇಲೆ. ಕಡಿಮೆ ಅಂದರೂ ಆರು ತಿಂಗಳು, ಅದೂ ಎರಡೂ ಭುಜದ ಬಲ ಸರಿಸಮ ಬಂದರೆ.

ನನ್ನನ್ನು ಉಳಿಸಿದ್ದು ವ್ಯಾಯಾಮದ ರಬ್ಬರ್ ಬ್ಯಾಂಡ್. ಕಿಟಕಿ ಸರಳಿಗೆ ಕಟ್ಟು, ಮೊಣಕೈ ಮಡಚಿ ಪಕ್ಕೆಗೆ ಒತ್ತು, ನಡುವೆ ಸುತ್ತಿದ ಟವೆಲ್ ಸಿಕ್ಕಿಸು, ಮುಂಗೈ ನಿಧಾನಕ್ಕೆ ಹೊರಕ್ಕೆ ಎಳಿ. ಟವೆಲ್ ಬಿತ್ತಾ, ಆ ಸಲದ್ದು ಲೆಕ್ಕಕ್ಕಿಲ್ಲ. ಬ್ಯಾಂಡಿನ ಬಿಗಿ ಬಣ್ಣದಲ್ಲೇ ಗೊತ್ತಾಗುತ್ತೆ: ಮೊದಲು ಸಡಿಲದ ಹಳದಿ, ಆಮೇಲೆ ಕೆಂಪು, ಆಮೇಲೆ ಹಸಿರು. ಜಂಬಕ್ಕೆ ಹಸಿರಿಂದ ಶುರು ಮಾಡಬೇಡ. ಥೆರಾಬ್ಯಾಂಡ್ ಕಂಪನಿದೇ ತಗೋ. ನಾನು ತಂದ ಅಗ್ಗದ್ದು ಎರಡೇ ವಾರಕ್ಕೆ ಕಿತ್ತು ಮುಖಕ್ಕೆ ಹೊಡೆಯಿತು. ಆದರೆ ಎಷ್ಟು ಹೊರಕ್ಕೆ ಅನ್ನೋದು ನಿನ್ನ ಫಿಸಿಯೋ ಹೇಳಿದಷ್ಟೇ.

ಇನ್ನೊಂದು, ಗುಬ್ಬಿ–ತುಮಕೂರು ಬಸ್ಸಲ್ಲಿ ನಿಂತರೆ ಆ ಕೈಯಲ್ಲಿ ಮೇಲಿನ ಕಂಬಿ ಹಿಡೀಬೇಡ. ಬ್ರೇಕ್ ಹೊಡೆದರೆ ಕೈ ಮೇಲಕ್ಕೆ, ಹಿಂದಕ್ಕೆ ತಿರುಗುತ್ತೆ, ಜಾರೋದೂ ಅದೇ ಭಂಗಿಯಲ್ಲಿ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಸಿಡಿ ಜೋಪಾನವಾಗಿಡು. ಎರಡನೇ ಆಪರೇಷನ್ ಹೊತ್ತಿಗೆ, ಮೊದಲ ಸಲ ಯಾವ ಆಂಕರ್ (ಹೊಲಿಗೆಯನ್ನ ಮೂಳೆಗೆ ಹಿಡಿದಿಡೋ ಸಣ್ಣ ಮೊಳೆ) ಹಾಕಿದ್ದರು ಅಂತ ಡಾಕ್ಟರು ಕೇಳಿದಾಗ ನಾನು ಚೀಟಿಗಾಗಿ ಮನೆಯೆಲ್ಲಾ ಹುಡುಕಿದ್ದೆ. ಕೊನೆಗೆ ಅಮ್ಮ ಅದನ್ನ ರಾಗಿ ಡಬ್ಬದ ಕೆಳಗೆ ಹಾಸಿದ್ದರು.